ಗಿಯೋನ್‌ನ ಸಾಲದ ಪುಸ್ತಕ

— ಓದಿ ಮುಗೀತಾ ಮಾಮ? ಕಾದಂಬರಿ ಅಂದ್ರೆ ಮೂಗು ಮುರಿಯೋರು ನೀವು. ಗೇಶಾ ಕಥೆ ಓದ್ತಿದಾರೆ ಅಂದಾಗ ಅತ್ತೆ ನಕ್ಕುಬಿಟ್ರು.

— ಮುಗೀತು. ಪ್ರೇಮಕಥೆ ಅಂತ ಹೇಳಿ ಕೊಟ್ಟೆ ನೀನು. ನಾನು ಓದಿದ್ದು ಸಾಲದ ಖಾತೆ.

— ರಿಟೈರಾದ ಮೇಲೂ ಆಡಿಟ್ ಬಿಡಲ್ವಾ?

— ಪುಸ್ತಕದಲ್ಲಿ ಇರೋದನ್ನೇ ಹೇಳ್ತಿದೀನಿ ಕಣಮ್ಮ. 1929ರಲ್ಲಿ ಯೊರೊಯ್ಡೊ ಅನ್ನೋ ಮೀನುಗಾರರ ಹಳ್ಳಿಯಿಂದ ಒಂಬತ್ತು ವರ್ಷದ ಚಿಯೋನ ತಂದು ಕ್ಯೋಟೊದ ಗಿಯೋನ್‌ನಲ್ಲಿ ಒಂದು ಓಕಿಯಾಕ್ಕೆ ಮಾರ್ತಾರೆ. ಗೇಶಾಗಳನ್ನ ಸಾಕೋ ಮನೆ ಅದು. ಯಜಮಾನಿನ ಎಲ್ಲರೂ ಅಮ್ಮ ಅನ್ನಬೇಕು. ಬಂದ ದಿನವೇ ಹುಡುಗಿ ಹೆಸರಲ್ಲಿ ಖಾತೆ ತೆರೀತು. ಕೊಂಡ ಬೆಲೆ, ಉಂಡ ಅನ್ನ, ನಾಟ್ಯಶಾಲೆ ಫೀಸು, ಎಲ್ಲ ಅವಳ ಬಾಬ್ತು. ಆ ಮನೇಲಿರೋ ಹತ್ಸುಮೊಮೊ ಅನ್ನೋ ಗೇಶಾ ಹೊಟ್ಟೆಕಿಚ್ಚಿಗೆ ಈ ಮಗೂ ಕೈಲಿ ಬೇರೆಯವಳ ಕಿಮೋನೊಗೆ ಮಸಿ ಬಳಿಸಿದಳಲ್ಲ, ಆ ಕಿಮೋನೊ ಬೆಲೆಯೂ ಚಿಯೋ ತಲೆ ಮೇಲೇ ಬಂತು. ಓಡಿಹೋಗೋಕೆ ಅಂತ ಮಾಡು ಹತ್ತಿ, ಬಿದ್ದು ಕೈ ಮುರ್ಕೊಂಡರೆ ಡಾಕ್ಟರ ಖರ್ಚೂ ಅವಳದೇ. ಕೊನೆಗೆ ಅಮ್ಮ ಲೆಕ್ಕ ಹಾಕಿ, ಇವಳ ಮೇಲೆ ಇನ್ನು ದುಡ್ಡು ಸುರಿಯಲ್ಲ, ಮನೆಗೆಲಸ ಮಾಡ್ಕೊಂಡಿರಲಿ ಅಂತಾಳೆ. ನಮ್ಮ ಬ್ಯಾಂಕಲ್ಲಿ ಇದಕ್ಕೇ ಎನ್‌ಪಿಎ, ವಸೂಲಾಗದ ಸಾಲ, ಅನ್ನೋದು.

— ಆಮೇಲೆ ಮಮೆಹಾ ಅನ್ನೋ ಇನ್ನೊಬ್ಬ ಗೇಶಾ ಬಂದು ಅವಳನ್ನ ತಂಗಿಯಾಗಿ ತಗೊಂಡು ತರಬೇತಿ ಕೊಡ್ತಾಳಲ್ಲ.

— ಅದೂ ಬಾಜಿ ಕಟ್ಟಿ! ಇಪ್ಪತ್ತು ವರ್ಷ ತುಂಬೋದರೊಳಗೆ ಹುಡುಗಿ ಸಾಲ ತೀರುತ್ತೋ ಇಲ್ಲವೋ ಅಂತ ಮಮೆಹಾಗೂ ಅಮ್ಮನಿಗೂ ಪಂಥ. ಕನ್ಯತ್ವ ಹರಾಜಾಗೋ ಕಡೆಯಂತೂ ಅಂಕಿ ಸಮೇತ ಕೊಟ್ಟಿದಾನೆ, 11,500 ಯೆನ್, ಗಿಯೋನ್‌ನಲ್ಲಿ ಅಲ್ಲೀವರೆಗೆ ಯಾರೂ ಕೊಡದ ಮೊತ್ತ. ಆ ದುಡ್ಡು ಬರ್ತಿದ್ದ ಹಾಗೇ ಅಮ್ಮ ಅವಳನ್ನ ದತ್ತು ತಗೋತಾಳೆ. ಮಮತೆಯಿಂದ ಅಂದ್ಕೊಂಡ್ಯಾ? ಇನ್ನು ಮುಂದೆ ಅವಳು ದುಡಿದಿದ್ದೆಲ್ಲ ಮನೆಗೇ ಸೇರಲಿ ಅಂತ. ಬರೆದವನು ಅಮೆರಿಕದವನಾದರೂ ಲೆಕ್ಕ ಮಾತ್ರ ಎಲ್ಲೂ ತಪ್ಪಿಲ್ಲ. ಅದಿರಲಿ, ಮುನ್ನುಡಿ ಬರೆದ ಆ ಪ್ರೊಫೆಸರ್ ಯಾರು? ಚಿಯೋನೇ ಗೇಶಾ ಆದ ಮೇಲೆ ಸಯೂರಿ ಆದಳಲ್ಲ, ಈ ಸಯೂರಿ ನ್ಯೂಯಾರ್ಕಿನಲ್ಲಿ ಟೇಪ್ ರೆಕಾರ್ಡರ್ ಮುಂದೆ ಕೂತು ಕಥೆ ಹೇಳಿದಳು, ನಾನು ಅನುವಾದ ಮಾಡಿದೆ ಅಂತಾನಲ್ಲ.

— ಯಾಕೋಬ್ ಹಾರ್‌ಹೈಸ್. ಅಂಥ ಪ್ರೊಫೆಸರೇ ಇಲ್ಲ ಮಾಮ. ಅದೂ ಕಥೆಯ ಭಾಗವೇ. ಸಯೂರಿನೂ ಇಲ್ಲ, ಟೇಪೂ ಇಲ್ಲ, ಅನುವಾದವೂ ಇಲ್ಲ. ಎಲ್ಲ ಆರ್ಥರ್ ಗೋಲ್ಡನ್ ಕಟ್ಟಿದ್ದು. ಹಾರ್ವರ್ಡ್‌ನಲ್ಲಿ ಜಪಾನಿನ ಕಲೆ, ಕೊಲಂಬಿಯಾದಲ್ಲಿ ಜಪಾನಿನ ಇತಿಹಾಸ ಓದಿದವನು. ಟೋಕಿಯೋದಲ್ಲಿ ಕೆಲಸಕ್ಕಿದ್ದಾಗ ಒಬ್ಬನ ಪರಿಚಯವಾಯ್ತಂತೆ. ಆ ಮನುಷ್ಯನ ಅಪ್ಪ ದೊಡ್ಡ ವ್ಯಾಪಾರಸ್ಥ, ಅಮ್ಮ ಗೇಶಾ. ಆ ಎಳೆ ಹಿಡ್ಕೊಂಡು ಮತ್ತೆ ಮತ್ತೆ ಬರೆದ. ಮೊದಲು ಹೊರಗಿನವನೊಬ್ಬ ಕಥೆ ಹೇಳೋ ಹಾಗೆ ಬರೆದು, ಅದನ್ನ ಬಿಸಾಕಿ, ಕೊನೆಗೆ ಹೆಂಗಸಿನ ಬಾಯಲ್ಲಿ ‘ನಾನು’ ಅಂತ ಹೇಳಿಸಿದ. 1997ರಲ್ಲಿ ಪುಸ್ತಕ ಬಂತು. ಮೂವತ್ತಕ್ಕೂ ಹೆಚ್ಚು ಭಾಷೆಗೆ ಹೋಯ್ತು, ಲಕ್ಷಗಟ್ಟಲೆ ಖರ್ಚಾಯ್ತು.

— ಇಲ್ಲದ ದಾಖಲೆಗೆ ಇಲ್ಲದ ಅಧಿಕಾರಿಯ ಸಹಿ! ಬ್ಯಾಂಕಲ್ಲಾಗಿದ್ರೆ ಒಳಗೆ ಕೂರಿಸ್ತಿದ್ರು.

— ಸಾಹಿತ್ಯದಲ್ಲಿ ಇದು ಹಳೇ ವಿದ್ಯೆ. ‘ಉಮ್ರಾವ್ ಜಾನ್ ಅದಾ’ ನೋಡಿ, 1899ರದು. ಲಖನೌದ ತವಾಯಫ್ ಒಬ್ಬಳು ಮಿರ್ಜಾ ರುಸ್ವಾನ ಎದುರು ಕೂತು ತನ್ನ ಕಥೆ ಹೇಳ್ತಾಳೆ, ರುಸ್ವಾ ಬರ್ಕೋತಾನೆ. ಅವಳು ಇದ್ದಳೋ ಇಲ್ಲವೋ ಅಂತ ಜನ ಇವತ್ತಿಗೂ ಜಗಳ ಆಡ್ತಾರೆ. ಆದ್ರೆ ರುಸ್ವಾ ಜಾಣ. ತಾನೇ ಕಥೆ ಒಳಗೆ ಬಂದು ಕೂರ್ತಾನೆ. ಅವಳು ಅವನನ್ನ ಛೇಡಿಸ್ತಾಳೆ, ಮಾತಿಗೆ ಮಾತು ಕೊಡ್ತಾಳೆ. ಗೋಲ್ಡನ್‌ನ ಪ್ರೊಫೆಸರು ಮುನ್ನುಡಿ ಬರೆದು ಮಾಯವಾಗಿಬಿಡ್ತಾನೆ. ಮುಂದಿನ ನಾನೂರು ಚಿಲ್ಲರೆ ಪುಟ ಒಬ್ಬ ಗಂಡಸು ಹೆಂಗಸಿನ ದನಿಯಲ್ಲಿ ಮಾತಾಡ್ತಿದಾನೆ ಅನ್ನೋದು ಓದುಗರಿಗೆ ಮರೆತೇ ಹೋಗುತ್ತೆ. ನನ್ನ ತಕರಾರು ಇರೋದು ಅಲ್ಲಿ.

— ಗಂಡಸು ಬರೀಬಾರದು ಅಂತೀಯಾ?

— ಅಯ್ಯೋ, ಹಾಗಂದ್ರೆ ನಾಳೆ ಕ್ಲಾಸಲ್ಲಿ ಪಾಠ ಮಾಡೋಕೆ ಅರ್ಧ ಪುಸ್ತಕವೂ ಉಳಿಯಲ್ಲ. ಬರೀಲಿ. ಆದ್ರೆ ಯಾವ ಕಡೆ ಅವನ ಬೆರಳಚ್ಚು ಕಾಣುತ್ತೆ ಅಂತ ನೋಡ್ಬೇಕಲ್ಲ. ಸಯೂರಿಗೆ ಬೂದು-ನೀಲಿ ಕಣ್ಣು. ಇಡೀ ಗಿಯೋನ್ ಆ ಕಣ್ಣಿಗೆ ಮರುಳಾಗುತ್ತೆ. ಜಪಾನಿನ ಹುಡುಗಿ ಚೆಲುವೆ ಅನ್ನೋಕೆ ಅಮೆರಿಕದ ಕಣ್ಣು ಬೇಕಾಯ್ತಾ ಅಂತ ನನಗೆ ಓದುವಾಗೆಲ್ಲ ಕಿರಿಕಿರಿ. ಮತ್ತೆ ಆ ಉಪಮೆಗಳು! ಮೀನು, ಅಲೆ, ಮಳೆ, ಎಲೆ ಇಲ್ಲದೆ ಅವಳು ಒಂದು ಮಾತು ಆಡಲ್ಲ. ಪೂರ್ವದೇಶದ ಹೆಂಗಸು ಹೀಗೇ ಮಾತಾಡ್ತಾಳೆ ಅನ್ನೋದು ಪಶ್ಚಿಮದವರ ಕಲ್ಪನೆ.

— ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಸಾಲದ ವಿಷಯ ಮಾತ್ರ ನಿಜವೇ ತಾನೆ? ಮಕ್ಕಳನ್ನ ಕೊಂಡು ದುಡಿಸಿ ವಸೂಲು ಮಾಡೋದು?

— ನಿಜ. ಅದಕ್ಕೆ ಕಾನೂನಿನ ಇತಿಹಾಸವೇ ಇದೆ, ನಿಮಗೆ ಇಷ್ಟವಾಗುತ್ತೆ ಕೇಳಿ. 1872ರಲ್ಲಿ ಪೆರು ದೇಶದ ‘ಮರಿಯಾ ಲೂಸ್’ ಅನ್ನೋ ಹಡಗು ರಿಪೇರಿಗೆ ಅಂತ ಯೊಕೊಹಾಮಾದಲ್ಲಿ ನಿಲ್ತು. ಒಳಗೆ ಇನ್ನೂರಕ್ಕೂ ಹೆಚ್ಚು ಚೀನೀ ಕೂಲಿಗಳು, ಕರಾರು ಬರೆಸ್ಕೊಂಡು ಸಾಗಿಸ್ತಿದ್ದಿದ್ದು. ಒಬ್ಬ ನೀರಿಗೆ ಹಾರಿ ತಪ್ಪಿಸ್ಕೊಂಡ, ವಿಷಯ ಹೊರಬಿತ್ತು. ಇದು ಗುಲಾಮಗಿರಿ, ಈ ಕರಾರು ನಡೆಯಲ್ಲ ಅಂತ ಜಪಾನಿನ ನ್ಯಾಯಾಲಯ ಅವರನ್ನ ಬಿಡಿಸ್ತು. ಆಗ ಕ್ಯಾಪ್ಟನ್ ಕಡೆ ವಕೀಲ ಏನಂದ ಗೊತ್ತಾ? ನಿಮ್ಮ ದೇಶದಲ್ಲೇ ಹೆಣ್ಣುಮಕ್ಕಳನ್ನ ಇಂಥದೇ ಕರಾರಿನ ಮೇಲೆ ಇಟ್ಕೊಂಡಿದೀರಲ್ಲ ಅಂದ.

— ಭಲೇ! ಬಾಯಿ ಮುಚ್ಚಿಸಿಬಿಟ್ಟ.

— ಸರ್ಕಾರಕ್ಕೆ ಮುಖಭಂಗವಾಯ್ತು. ಅದೇ ವರ್ಷ ವೇಶ್ಯೆಯರನ್ನೂ ಗೇಶಾಗಳನ್ನೂ ಬಿಡುಗಡೆ ಮಾಡಿ ಆಜ್ಞೆ ಬಂತು. ಅದರ ಜೊತೆ ನ್ಯಾಯ ಇಲಾಖೆ ಹೊರಡಿಸಿದ ಸುತ್ತೋಲೆಯ ತರ್ಕ ಕೇಳಿ. ಈ ಹೆಂಗಸರು ಮನುಷ್ಯರ ಹಕ್ಕು ಕಳಕೊಂಡವರು, ದನ ಕುದುರೆಗೆ ಸಮ. ದನ ಕುದುರೆ ಹತ್ರ ಸಾಲ ವಾಪಸ್ ಕೊಡು ಅಂತ ಯಾರಾದ್ರೂ ಕೇಳ್ತಾರಾ? ಆದ್ದರಿಂದ ಸಾಲ ರದ್ದು. ಜನ ಅದನ್ನ ದನ ಬಿಚ್ಚಿದ ಕಾಯ್ದೆ ಅಂತಲೇ ಕರೆದರು.

— ಥೂ! ಸಾಲ ಮನ್ನಾ ಮಾಡೋಕೆ ಮನುಷ್ಯತ್ವವನ್ನೇ ತೆಗೆದುಹಾಕಿದ್ರಾ? ಅಷ್ಟಾದ್ರೂ ಮನ್ನಾ ಆಯ್ತಲ್ಲ.

— ಎಲ್ಲಿ ಆಯ್ತು? ಬಿಡುಗಡೆಯಾದವರು ಹೋಗೋದೆಲ್ಲಿಗೆ? ಸ್ವಂತ ಇಚ್ಛೆಯಿಂದ ಬಂದಿದೀನಿ ಅಂತ ಲೈಸೆನ್ಸ್ ಮಾಡಿಸ್ಕೊಂಡು ಅದೇ ಮನೆಗೆ ವಾಪಸ್ ಬಂದರು. ಮನೆಯವರು ನಾವು ಬರೀ ಕೋಣೆ ಬಾಡಿಗೆಗೆ ಕೊಡೋರು ಅಂತ ಬೋರ್ಡು ಬದಲಾಯಿಸಿದರು. ಅಪ್ಪ ಮುಂಗಡ ತಗೋಳ್ಳೋದು, ಮಗಳು ದುಡಿದು ತೀರಿಸೋದು ಹಾಗೇ ನಡೀತು. ಈ ಮುಂಗಡದ ಕರಾರು ಮೂಲದಿಂದಲೇ ಅಸಿಂಧು, ಕೊಟ್ಟ ಸಾಲವನ್ನೂ ವಾಪಸ್ ಕೇಳೋ ಹಾಗಿಲ್ಲ ಅಂತ ಜಪಾನಿನ ಸುಪ್ರೀಂ ಕೋರ್ಟು ಹೇಳಿದ್ದು 1955ರಲ್ಲಿ.

— ಎಂಬತ್ಮೂರು ವರ್ಷ. ಚಿಯೋ ಬಂದಿದ್ದು ಆ ಸಂದಿಯಲ್ಲಿ. ಕಾಗದದ ಮೇಲೆ ಯಾವತ್ತೋ ಬಿಡುಗಡೆಯಾದ ಹುಡುಗಿ. ಇದನ್ನ ಆ ಗೋಲ್ಡನ್ ಒಂದು ಸಾಲಿನಲ್ಲಾದ್ರೂ ಹೇಳಬಹುದಿತ್ತು.

— ಕಾದಂಬರಿಗೆ ಅದರ ಅಗತ್ಯ ಕಾಣಲಿಲ್ಲವೇನೋ. ಆದ್ರೆ 1872 ಗಿಯೋನ್‌ಗೆ ಇನ್ನೊಂದು ಕಾರಣಕ್ಕೂ ದೊಡ್ಡ ವರ್ಷ. ಚಕ್ರವರ್ತಿ ಟೋಕಿಯೋಗೆ ಹೋಗಿಬಿಟ್ಟಿದ್ದ, ಸಾವಿರ ವರ್ಷದ ರಾಜಧಾನಿ ಕ್ಯೋಟೊ ಬಿಕೋ ಅಂತಿತ್ತು. ಊರಿಗೆ ಜೀವ ತುಂಬೋಕೆ ಅಂತ ವಸ್ತುಪ್ರದರ್ಶನ ಏರ್ಪಡಿಸಿ, ಅದರ ಅಂಗವಾಗಿ ಗಿಯೋನ್‌ನ ಗೇಶಾಗಳಿಂದ ಸಾರ್ವಜನಿಕ ನೃತ್ಯ ಮಾಡಿಸಿದರು. ಅದೇ ‘ಮಿಯಾಕೊ ಒದೊರಿ’. ಮೂರನೇ ಇನೌಎ ಯಚಿಯೊ ಅನ್ನೋ ನೃತ್ಯಗುರು ಅದನ್ನ ಸಂಯೋಜಿಸಿದಳು. ಅಲ್ಲೀವರೆಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನಕ್ಕೆ ಕುಣೀತಿದ್ದವರು ಟಿಕೆಟ್ ಕೊಂಡವರೆದುರು ಸಾಲಾಗಿ ನಿಂತು ಕುಣಿದರು. ಇವತ್ತಿಗೂ ಏಪ್ರಿಲ್ ಬಂದ್ರೆ ಅದೇ ಹಬ್ಬ. ಒಂದೇ ವರ್ಷ ದನ ಅಂತ ಬಿಚ್ಚಿದ್ದೂ ಆಯ್ತು, ಕಲಾವಿದೆ ಅಂತ ರಂಗಕ್ಕೆ ಹತ್ತಿಸಿದ್ದೂ ಆಯ್ತು.

— ನನಗೆ ಇನ್ನೊಂದು ಅನುಮಾನ. ಗೇಶಾಗಳು ಗಿರಾಕಿಗಳನ್ನ ರಂಜಿಸೋ ಆ ಚಹಾಮನೆಗಳಲ್ಲಿ ಪರಿಚಯ ಇಲ್ಲದವನನ್ನ ಒಳಗೆ ಬಿಡಲ್ಲ ಅಂತ ಬರುತ್ತೆ. ಜಂಭವಾ?

— ಜಂಭ ಅಂತಲೇ ಎಲ್ಲರೂ ಅಂದ್ಕೋತಾರೆ. ಅಸಲಿಗೆ ಅದು ನಿಮ್ಮ ಇಲಾಖೆ ವಿಷಯ. ಚಹಾಮನೇಲಿ ಗಿರಾಕಿ ಆ ರಾತ್ರಿ ದುಡ್ಡು ಬಿಚ್ಚೋದೇ ಇಲ್ಲ. ಗೇಶಾಳ ಸಂಭಾವನೆ, ಹೊರಗಿಂದ ತರಿಸಿದ ಊಟ, ಸಾಕೆ, ಮನೆಗೆ ಹೋಗೋಕೆ ಗಾಡಿ, ಎಲ್ಲಾನೂ ಚಹಾಮನೆ ಒಡತಿಯೇ ಕೈಯಿಂದ ಕೊಟ್ಟು ಆಮೇಲೆ ಬಿಲ್ ಕಳಿಸ್ತಾಳೆ. ಹೊಸಬನನ್ನ ಹಳೇ ಗಿರಾಕಿ ಕರ್ಕೊಂಡು ಬಂದ ಅಂದ್ರೆ, ಹೊಸಬ ಕೈ ಎತ್ತಿದರೆ ಹಳಬನ ಮಾನ ಹೋಗುತ್ತೆ.

— ಜಾಮೀನು ಅನ್ನು ಮತ್ತೆ! ಸಾಲಕ್ಕೆ ಜಾಮೀನುದಾರ. ಎಷ್ಟು ಚೆನ್ನಾಗಿದೆ. ಈಗ ಆ ಊದುಬತ್ತಿ ಲೆಕ್ಕವೂ ಅರ್ಥವಾಯ್ತು. ಗೇಶಾ ಬಂದ ಕೂಡಲೇ ಊದುಬತ್ತಿ ಹಚ್ಚೋದು, ಎಷ್ಟು ಬತ್ತಿ ಉರೀತೋ ಅಷ್ಟು ದುಡ್ಡು. ಪ್ರತಿ ಬತ್ತಿಯ ಹಣವೂ ಕಚೇರಿಯಲ್ಲಿ ದಾಖಲಾಗುತ್ತೆ.

— ಕೆನ್‌ಬಾನ್ ಅಂತಾರೆ ಆ ಕಚೇರಿಗೆ. ಒಬ್ಬೊಬ್ಬಳ ಗಳಿಕೆಯೂ ಅಲ್ಲಿ ಬರೆದಿರುತ್ತೆ. ಗಳಿಕೇಲಿ ಮೊದಲನೇ ಸ್ಥಾನ ಯಾರದು ಅಂತ ಇಡೀ ಬೀದಿಗೆ ಗೊತ್ತು. ಆದ್ರೆ ಖರ್ಚೂ ಹಾಗೇ ಮಾಮ. ಮೈಕೊ, ಅಂದ್ರೆ ಇನ್ನೂ ಕಲಿಯೋ ಹುಡುಗಿ, ಅವಳ ಸೊಂಟದ ಓಬಿ ಒಂದೇ ಐದು ಮೀಟರಿಗೂ ಉದ್ದ. ಋತುವಿಗೊಂದು ಕಿಮೋನೊ. ಬಟ್ಟೆ ಎಲ್ಲ ಓಕಿಯಾದ ಸ್ವತ್ತು, ಅವಳದಲ್ಲ. ಕೂದಲು ಕಟ್ಟಿಸಿಕೊಂಡ ಮೇಲೆ ಅದು ಕೆಡದ ಹಾಗೆ ಕತ್ತಿಗೆ ಮಾತ್ರ ಆಸರೆ ಕೊಡೋ ಎತ್ತರದ ದಿಂಬಿನ ಮೇಲೆ ವಾರವಿಡೀ ಮಲಗಬೇಕು. ಇದೆಲ್ಲ ಗೋಲ್ಡನ್ ಚೆನ್ನಾಗಿ ಕಟ್ಟಿಕೊಟ್ಟಿದಾನೆ, ಅದನ್ನ ನಾನು ಇಲ್ಲ ಅನ್ನಲ್ಲ. ಕಿಮೋನೊ ಉಡೋದನ್ನ ಅವನು ವರ್ಣಿಸೋ ಭಾಗ ಓದಿದರೆ ನಾವೇ ಉಟ್ಟ ಹಾಗೆ ಉಸಿರು ಬಿಗಿಯುತ್ತೆ.

— ಹಾಗಾದ್ರೆ ಜಗಳ ಯಾವುದರ ಮೇಲೆ?

— ಆ ಛೇರ್ಮನ್ ಮೇಲೆ.

— ಒಳ್ಳೇ ಮನುಷ್ಯನಲ್ಲವಾ ಅವನು? ಹೊಳೆ ಹತ್ರ ಅಳ್ತಾ ಕೂತಿದ್ದ ಹುಡುಗಿಗೆ ಕರ್ಚೀಫು ಕೊಟ್ಟ, ಐಸ್ ತಿನ್ನು ಅಂತ ಕಾಸು ಕೊಟ್ಟ. ಅವಳು ಉಳಿದ ಚಿಲ್ಲರೆ ತಗೊಂಡು ಹೋಗಿ ಗಿಯೋನ್ ದೇವಸ್ಥಾನದ ಹುಂಡಿಗೆ ಹಾಕಿ, ನಾನು ಗೇಶಾ ಆಗ್ಲಿ ಅಂತ ಬೇಡ್ಕೋತಾಳೆ. ಆ ಪುಟ ಓದಿ ನನಗೂ ಗಂಟಲು ಕಟ್ತು, ಯಾಕೆ ಸುಳ್ಳು ಹೇಳ್ಲಿ.

— ಆ ಪುಟ ಒಳ್ಳೇದೇ. ಅಲ್ಲಿಂದ ಮುಂದೆ ಕಾದಂಬರಿ ಹಾದಿ ತಪ್ಪಿತು. ಹನ್ನೆರಡು ವರ್ಷದ ಮಗು, ನಲವತ್ತು ದಾಟಿದ, ಹೆಂಡತಿ ಮಕ್ಕಳಿರೋ ಗಂಡಸು. ಅಲ್ಲಿಂದ ಅವಳು ಕಲಿತ ನಾಟ್ಯ, ನುಡಿಸಿದ ಶಾಮಿಸೆನ್, ಸಹಿಸಿದ ಹೊಡೆತ ಎಲ್ಲ ಅವನಿಗಾಗಿ. ಯುದ್ಧ ಬರುತ್ತೆ, ಗಿಯೋನ್ ಮುಚ್ಚುತ್ತೆ, ಪ್ಯಾರಾಚೂಟ್ ಹೊಲೀತಾಳೆ, ಮನಸ್ಸೆಲ್ಲ ಅವನ ಮೇಲೇ. ಕೊನೆಗೆ ಗೊತ್ತಾಗೋದೇನು? ಮಮೆಹಾನ ಕಳಿಸಿದ್ದೇ ಅವನು. ಅವಳ ಅದೃಷ್ಟ ಅಂತ ನಾವು ತಿಳ್ಕೊಂಡಿದ್ದೆಲ್ಲ ಅವನ ಏರ್ಪಾಟು.

— ಅಂದ್ರೆ ಅವನು ಹನ್ನೆರಡು ವರ್ಷದವಳ ಮೇಲೆ ಬಂಡವಾಳ ಹೂಡಿ, ವರ್ಷಗಟ್ಟಲೆ ಕಾದು, ಅಸಲು ಬಡ್ಡಿ ಸಮೇತ ಎತ್ತಿಕೊಂಡ. ಹಾಗೆ ನೋಡಿದ್ರೆ ಹರಾಜಿನಲ್ಲಿ ಕೂಗಿದ ಡಾಕ್ಟರೇ ವಾಸಿ, ಅವನದು ನಗದು ವ್ಯವಹಾರ.

— ನೀವೇ ಹೇಳಿದ್ರಿ ನೋಡಿ! ಆ ಅಸಹ್ಯ ಕಥೆಯೊಳಗೇ ಇದೆ, ಕಥೆಗಾರನಿಗೆ ಮಾತ್ರ ಕಾಣಲಿಲ್ಲ. ಅವನು ಅದನ್ನ ಕೊನೇ ಪುಟಗಳಲ್ಲಿ ದೊಡ್ಡ ಪ್ರೀತಿ ಅಂತ ಕಣ್ಣೀರು ಹಾಕಿಸ್ತಾನೆ. ಸಯೂರಿಯೇ ನಿಜವಾಗಿ ಬರೆದಿದ್ದರೆ, ಇದು ಗೊತ್ತಾದ ದಿನ ಅವಳಿಗೆ ಒಂದು ಕ್ಷಣವಾದರೂ ಸಿಟ್ಟು ಬರ್ತಿರಲಿಲ್ವಾ? ಇದಕ್ಕೇ ಬೆರಳಚ್ಚು ಅಂದಿದ್ದು ನಾನು.

— ನನಗೆ ಅವಳಿಗಿಂತ ಹತ್ಸುಮೊಮೊ ಹಿಡಿಸಿದಳು. ಕೆಟ್ಟವಳು, ಒಪ್ಪಿದೆ. ಆದ್ರೆ ಅವಳ ಕೆಟ್ಟತನಕ್ಕೆ ಲೆಕ್ಕ ಸಿಗುತ್ತೆ. ಓಕಿಯಾಕ್ಕೆ ವಾರಸುದಾರಳು ಒಬ್ಬಳೇ ಆಗಬಹುದು. ದತ್ತು ಆಗದವಳಿಗೆ ಮುಪ್ಪಿನಲ್ಲಿ ಗತಿ ಇಲ್ಲ. ಇನ್ನೊಬ್ಬಳ ಕಾಲು ಎಳೀದೆ ಇದ್ರೆ ತಾನೇ ಬೀದಿಗೆ. ಕೊನೆಗೆ ಬೀದಿಗೇ ಬಿದ್ದಳು ಪಾಪ. ಅದೇ ಮನೇಲಿದ್ದ ಆ ದಡ್ಡಿ ಹುಡುಗಿ, ಪಂಪ್‌ಕಿನ್, ಅವಳಿಗೂ ಅಷ್ಟೇ. ದತ್ತು ತಗೋತೀವಿ ಅಂತ ಆಸೆ ತೋರಿಸಿ ಕೊನೇ ಗಳಿಗೇಲಿ ಕೈಬಿಟ್ಟರು. ವರ್ಷಗಳಾದ ಮೇಲೆ ಅವಳು ಸಯೂರಿಗೆ ಮಾಡಿದ ದ್ರೋಹ ನನಗೆ ದ್ರೋಹ ಅಂತಲೇ ಅನ್ನಿಸ್ಲಿಲ್ಲ, ಬಾಕಿ ವಸೂಲಿ ಅನ್ನಿಸ್ತು.

— ಇದನ್ನ ನಾನು ಪಾಠದಲ್ಲಿ ಹೇಳ್ತೀನಿ, ನಿಮ್ಮ ಹೆಸರು ಹೇಳದೆ. ಹುಡುಗರು ಸಾಮಾನ್ಯವಾಗಿ ಹೆಂಗಸಿಗೆ ಹೆಂಗಸೇ ಶತ್ರು ಅಂತ ಷರಾ ಬರೆದು ಮುಗಿಸ್ತಾರೆ.

— ಹುಡುಗರು ದೇವದಾಸಿಯರ ಜೊತೆ ಹೋಲಿಸಲ್ವಾ?

— ಪ್ರತಿ ವರ್ಷ ಹೋಲಿಸ್ತಾರೆ. ನಾನು ತಡೀತೀನಿ. ಗೇಶಾಗೆ ದೇವರಿಲ್ಲ, ಗುಡಿ ಇಲ್ಲ, ಅದು ಊರಿನ ಮೋಜಿನ ಕಸುಬು. ನಮ್ಮಲ್ಲಿ 1982ರ ಕಾಯ್ದೆ ನಿಷೇಧಿಸಿದ್ದು ಬಡ ಹೆಣ್ಣುಮಕ್ಕಳನ್ನ ದೇವರ ಹೆಸರಲ್ಲಿ ಬಿಡೋದನ್ನ. ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು. ಒಂದೇ ಒಂದು ಕಡೆ ಮಾತ್ರ ನನಗೆ ಬೆಂಗಳೂರು ನಾಗರತ್ನಮ್ಮ ನೆನಪಾಗ್ತಾಳೆ.

— ನಂಜನಗೂಡಿನವಳು ತಾನೆ? ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವಳು. ಸ್ವಂತ ದುಡ್ಡು ಹಾಕಿ.

— ಅವಳೇ. ದೇವದಾಸಿ ಮನೆತನದವಳು, ಹಾಡಿ ಗಳಿಸಿದ ದುಡ್ಡು. ಮುದ್ದುಪಳನಿ ಅನ್ನೋ ತಂಜಾವೂರಿನ ಕವಯಿತ್ರಿ ಶೃಂಗಾರದ ಕಾವ್ಯ ಬರೆದಿದ್ದಳಲ್ಲ, ದೊಡ್ಡ ಪಂಡಿತರೇ ಅದನ್ನ ಅಶ್ಲೀಲ ಅಂದಿದ್ದರು. ನಾಗರತ್ನಮ್ಮ ಹಟ ಹಿಡಿದು ಅದರ ಪೂರ್ತಿ ಪಾಠ ಹುಡುಕಿ 1910ರಲ್ಲಿ ಅಚ್ಚು ಹಾಕಿಸಿದಳು. ಬ್ರಿಟಿಷ್ ಸರ್ಕಾರ ನಿಷೇಧಿಸ್ತು, ಸ್ವಾತಂತ್ರ್ಯ ಬಂದ ಸುಮಾರಿಗೆ ನಿಷೇಧ ಹೋಯ್ತು. ನಮ್ಮ ಕಥೆ ನಾವು ಹೇಳ್ಕೋತೀವಿ ಅಂದವಳು. ಗೇಶಾಗಳಲ್ಲೂ ಹಾಗೆ ಹೇಳ್ಕೊಂಡವರಿದಾರೆ, ಅದು ನಿಮಗೆ ಗೊತ್ತಿಲ್ಲ.

— ಗೋಲ್ಡನ್‌ಗಿಂತ ಮುಂಚೆ?

— ನಲವತ್ತು ವರ್ಷ ಮುಂಚೆ. ಮಸುದಾ ಸಯೊ ಅಂತ. ಹುಟ್ಟಿದ್ದು 1925ರಲ್ಲಿ, ಹೆಚ್ಚುಕಡಿಮೆ ನಿಮ್ಮ ಚಿಯೋ ವಯಸ್ಸೇ. ನಾಗಾನೊ ಸೀಮೆಯವಳು. ಐದಾರು ವರ್ಷಕ್ಕೇ ಜಮೀನ್ದಾರರ ಮನೇಲಿ ಮಗು ನೋಡ್ಕೊಳ್ಳೋ ಚಾಕರಿಗೆ ಬಿಟ್ಟರು. ಹೆಸರು ಹಿಡಿದು ಕರೆಯೋರೂ ಇಲ್ಲ. ಚಳೀಲಿ ಬರಿಗಾಲು ಮರಗಟ್ಟಿ, ಒಂದು ಪಾದವನ್ನ ಇನ್ನೊಂದು ತೊಡೆಗೆ ಒತ್ತಿ ಬೆಚ್ಚಗೆ ಮಾಡ್ಕೊಂಡು ನಿಲ್ತಿದ್ದಳಂತೆ, ಅದಕ್ಕೇ ಕೊಕ್ಕರೆ ಅಂತ ಅಡ್ಡಹೆಸರು. ಹನ್ನೆರಡಕ್ಕೆ ಸುವಾ ಅನ್ನೋ ಬಿಸಿನೀರು ಬುಗ್ಗೆಯ ಊರಿನ ಗೇಶಾ ಮನೆಗೆ ಮಾರಿದರು. ಅಲ್ಲಿ ಗಿಯೋನ್‌ನ ಡೌಲು ಏನೂ ಇಲ್ಲ. ಅವಳ ಮಿಜುವಾಗೆಯನ್ನ, ಅದೇ ಆ ಹರಾಜಿನ ವಿಷಯ, ಮನೆಯ ಅಮ್ಮ ಒಂದಕ್ಕಿಂತ ಹೆಚ್ಚು ಸಲ ಮಾರಿದಳು, ಪ್ರತಿ ಸಲವೂ ಇದೇ ಮೊದಲು ಅಂತ.

— ಒಂದೇ ಆಸ್ತಿ ಮೇಲೆ ನಾಲ್ಕು ಕಡೆ ಅಡಮಾನ. ಗೋಲ್ಡನ್‌ನ ಅಮ್ಮನಿಗೂ ಹೊಳೀಲಿಲ್ಲ ಇದು.

— ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಯುದ್ಧ ಮುಗಿದ ಮೇಲೆ ಸೋಪು ಮಾರಿ, ಸಿಕ್ಕ ಕೂಲಿ ಮಾಡಿ, ತಮ್ಮನನ್ನ ಸಾಕೋಕೆ ಒದ್ದಾಡಿದಳು. ಅವನೂ ಕಾಯಿಲೆ ಬಿದ್ದು ತೀರಿಹೋದ. ಜಪಾನಿನ ಸುಲಭದ ಅಕ್ಷರ ಹಿರಗಾನವನ್ನ ದೊಡ್ಡವಳಾದ ಮೇಲೆ ಕಲಿತು, ಅಷ್ಟರಲ್ಲೇ ತನ್ನ ಕಥೆ ಬರೆದು ಹೆಂಗಸರ ಪತ್ರಿಕೆಯೊಂದರ ಸ್ಪರ್ಧೆಗೆ ಕಳಿಸಿದಳು. ಬಹುಮಾನ ಬಂತು. 1957ರಲ್ಲಿ ಪುಸ್ತಕವಾಯ್ತು. ವೇಶ್ಯಾವಾಟಿಕೆ ತಡೆ ಕಾಯ್ದೆ ಪಾಸಾಗಿ ಒಂದು ವರ್ಷ ಆಗ. ಊರೆಲ್ಲ ಆ ಕಾಯ್ದೆ ಹೊಗಳ್ತಿದ್ದರೆ ಇವಳು, ಹೊಟ್ಟೆಗೆ ದಾರಿ ಮಾಡಿಕೊಡದೆ ಬಾಗಿಲು ಮುಚ್ಚಿದರೆ ಹೆಂಗಸರು ಕತ್ತಲಿಗೆ ಹೋಗ್ತಾರೆ ಅಷ್ಟೇ ಅಂದಳು. ಅವಳ ಪುಸ್ತಕದಲ್ಲಿ ಉಪಮೆ ಕಡಿಮೆ ಮಾಮ. ಛೇರ್ಮನ್ ಇಲ್ಲ.

— ಇಂಗ್ಲಿಷಿಗೆ ಬಂದಿದೆಯಾ?

— 2003ರಲ್ಲಿ ಬಂತು. ಗೋಲ್ಡನ್ ಹೆಸರು ಮಾಡಿದ ಮೇಲೆ.

— ಅಂದ್ರೆ ಅವನಿಂದ ಇವಳಿಗೆ ಉಪಕಾರವಾಯ್ತು ಅನ್ನು.

— ಒಂದು ಲೆಕ್ಕಕ್ಕೆ ಹೌದು, ಅದನ್ನ ಒಪ್ಪಬೇಕು. ಅವನ ಕಾದಂಬರಿ ಬರದೆ ಇದ್ದಿದ್ದರೆ ನಾವಿಬ್ಬರೂ ಇವತ್ತು ಮೈಕೊ, ಓಕಿಯಾ ಅಂತ ಮಾತಾಡ್ತಿರಲಿಲ್ಲ. ಅವನಿಗಿಂತ ಮುಂಚೆ ಲೀಸಾ ಡಾಲ್ಬಿ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞೆ ಕ್ಯೋಟೊದ ಪೊಂತೊಚೊ ಕೇರೀಲಿ ತಾನೇ ಇಚಿಗಿಕು ಅಂತ ಹೆಸರಿಟ್ಟುಕೊಂಡು ಗೇಶಾಗಳ ಜೊತೆ ಕೆಲಸ ಮಾಡಿ 1983ರಲ್ಲಿ ಒಳ್ಳೇ ಪುಸ್ತಕ ಬರೆದಿದ್ದಳು. ಅದನ್ನ ಓದಿದವರು ಎಷ್ಟು ಜನ? ಜನಕ್ಕೆ ಕಥೆ ಬೇಕು.

— ಸಿನಿಮಾನೂ ಬಂತಲ್ಲ.

— 2005ರಲ್ಲಿ. ನೋಡೋಕೆ ಚೆಂದ, ಮೂರು ಆಸ್ಕರೂ ಬಂತು, ಮೂರೂ ಕಣ್ಣಿಗೆ ಹಬ್ಬ ಮಾಡಿದ್ದಕ್ಕೆ. ಛಾಯಾಗ್ರಹಣ, ಕಲಾ ನಿರ್ದೇಶನ, ವಸ್ತ್ರವಿನ್ಯಾಸ. ಗಿಯೋನ್ ಬೀದಿಯನ್ನ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ್ದರು. ಸಯೂರಿ ಪಾತ್ರಕ್ಕೂ ಹತ್ಸುಮೊಮೊ ಪಾತ್ರಕ್ಕೂ ಚೀನೀ ನಟಿಯರನ್ನ ಹಾಕ್ಕೊಂಡರು. ಜಪಾನಿನವರಿಗೆ ನಮ್ಮ ಹುಡುಗೀರು ಸಿಗಲಿಲ್ವಾ ಅಂತ ಬೇಜಾರು, ಚೀನಾದವರಿಗೆ ನಮ್ಮ ನಟಿಯರು ಜಪಾನೀ ಗಂಡಸರ ಮುಂದೆ ಕುಣಿಯೋದಾ ಅಂತ ಕೋಪ. ಚೀನಾದಲ್ಲಿ ಬಿಡುಗಡೆಯೇ ಆಗಲಿಲ್ಲ. ಜಪಾನೀ ಸೈನ್ಯ ಅಲ್ಲಿ ಮಾಡಿದ ಅನಾಹುತ ನೆನೆಸಿಕೊಂಡರೆ ಆ ಕೋಪ ಅರ್ಥವಾಗುತ್ತೆ. ಬಿಡಿ, ಸಿನಿಮಾದಲ್ಲಿ ಲೆಕ್ಕದ ಪುಸ್ತಕವೂ ಸರಿಯಾಗಿ ಕಾಣಲ್ಲ, ನಿಮಗೆ ನಿದ್ದೆ ಬರುತ್ತೆ.

— ಕೊನೆಯಲ್ಲಿ ಕೃತಜ್ಞತೆ ಅಂತ ಒಂದು ಪುಟ ಇದೆ. ಅದರಲ್ಲಿ ಒಬ್ಬ ಗೇಶಾ ಹೆಸರು ಹೇಳಿ ತುಂಬ ಹೊಗಳಿದಾನೆ. ಅವಳೂ ಕಟ್ಟುಕಥೇನಾ?

— ಅವಳು ನಿಜ! ಇವಸಾಕಿ ಮಿನೆಕೊ. ಎಲ್ಲ ರಗಳೆ ಶುರುವಾಗಿದ್ದೇ ಆ ಪುಟದಿಂದ. 1949ರಲ್ಲಿ ಹುಟ್ಟಿದವಳು. ಐದನೇ ವಯಸ್ಸಿಗೆ ಇವಸಾಕಿ ಓಕಿಯಾ ಸೇರಿ, ಅಲ್ಲೇ ದತ್ತಾಗಿ, ಹದಿನೈದಕ್ಕೆ ಮೈಕೊ ಆಗಿ, ಗಿಯೋನ್‌ನ ಗಳಿಕೇಲಿ ವರ್ಷಗಟ್ಟಲೆ ಮೊದಲನೇ ಸ್ಥಾನದಲ್ಲಿದ್ದವಳು. ಇಪ್ಪತ್ತೊಂಬತ್ತಕ್ಕೆ, ಅಷ್ಟು ಉತ್ತುಂಗದಲ್ಲಿದ್ದಾಗಲೇ, ಕಸುಬು ಬಿಟ್ಟಳು. ಹುಡುಗೀರಿಗೆ ಓದು ಬೇಕು, ಈ ಪದ್ಧತಿ ಬದಲಾಗಬೇಕು ಅಂತ ಅವಳ ವಾದ. ಬಿಟ್ಟಮೇಲೆ ಚಿತ್ರಕಾರನೊಬ್ಬನನ್ನ ಮದುವೆಯಾದಳು. ಗೋಲ್ಡನ್ 1992ರಲ್ಲಿ ಅವಳನ್ನ ಭೇಟಿಮಾಡಿ ದಿನಗಟ್ಟಲೆ ಮಾತಾಡಿಸಿದ. ಹೆಸರು ಬರೆಯಲ್ಲ ಅಂತ ಮಾತು ಕೊಟ್ಟಿದ್ದ ಅನ್ನೋದು ಅವಳ ವಾದ. ಪುಸ್ತಕ ನೋಡಿದ್ರೆ ಹೆಸರೂ ಇದೆ, ಅದರ ಜೊತೆ ಕನ್ಯತ್ವದ ಹರಾಜೂ ಇದೆ. ಓದಿದವರೆಲ್ಲ ಅದು ಅವಳದೇ ಕಥೆ ಅಂದ್ಕೊಂಡರು. ಗಿಯೋನ್‌ನಲ್ಲಿ ಬಾಯಿ ಬಿಡೋದು ದೊಡ್ಡ ಅಪರಾಧ. ಪ್ರಾಣಬೆದರಿಕೆಯೂ ಬಂತು ಅಂತ ಹೇಳಿದಾಳೆ.

— ಹರಾಜು ನಡೀತಿತ್ತೋ ಇಲ್ಲವೋ? ಮಸುದಾ ನಡೀತು ಅಂತಾಳೆ, ಇವಳು?

— ಇಲ್ಲವೇ ಇಲ್ಲ ಅಂತಾಳೆ. ಮಿಜುವಾಗೆ ಅಂದ್ರೆ ಮೈಕೊ ದೊಡ್ಡವಳಾದಳು ಅಂತ ಕೂದಲು ಕಟ್ಟೋ ರೀತಿ ಬದಲಾಯಿಸಿ ಸಂಭ್ರಮ ಮಾಡೋದು, ಅಷ್ಟೇ ಅಂತ.

— ಯಾರ ಮಾತು ನಂಬೋದು?

— ಇಬ್ಬರದೂ ನಂಬ್ತೀನಿ. ಮಸುದಾ ಯುದ್ಧಕ್ಕೆ ಮುಂಚಿನವಳು, ಬುಗ್ಗೆ ಊರಿನವಳು, ಅಮ್ಮ ಹೇಳಿದ್ದಕ್ಕೆ ಎದುರಾಡೋ ಹಕ್ಕಿಲ್ಲದವಳು. ಇವಸಾಕಿ ಕಣ್ಣು ಬಿಟ್ಟಿದ್ದು ಯುದ್ಧ ಮುಗಿದ ಜಪಾನಿನಲ್ಲಿ, ಸೊಕ್ಕಿನ ಗಿಯೋನ್‌ನಲ್ಲಿ, ಓಕಿಯಾದ ವಾರಸುದಾರಳಾಗಿ. ಹದಿನೆಂಟೂ ತುಂಬದೆ ಅವಳು ಕಸುಬಿನಲ್ಲಿದ್ದಾಗ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ತಡೆ ಕಾಯ್ದೆ ಪೂರ್ತಿ ಜಾರಿಗೆ ಬಂದು ವರ್ಷಗಳಾಗಿದ್ದವು. ಗೋಲ್ಡನ್ ಮಾಡಿದ್ದು ಏನಂದ್ರೆ, ಇವಸಾಕಿ ಬಾಯಿಂದ ಕಿಮೋನೊ, ನಾಟ್ಯ, ಶಿಷ್ಟಾಚಾರ ಎಲ್ಲ ಕೇಳ್ಕೊಂಡು, ಅದನ್ನ ಅವಳ ಅಜ್ಜಿ ಕಾಲಕ್ಕೆ ಒಯ್ದು, ಅಲ್ಲಿನ ಕ್ರೌರ್ಯದ ಜೊತೆ ಹೊಲಿದ. ಕಾದಂಬರಿಕಾರನಿಗೆ ಅಷ್ಟು ಸ್ವಾತಂತ್ರ್ಯ ಇದೆ. ಆದ್ರೆ ಹೊಲಿದ ಬಟ್ಟೆ ಮೇಲೆ ಅವಳ ಹೆಸರು ಕಸೂತಿ ಹಾಕಬಾರದಿತ್ತು.

— ಇವಸಾಕಿ ಖಾತೆಯಲ್ಲಿ ಸಾಲ ಇರಲಿಲ್ಲವಾ?

— ವಾರಸುದಾರಳಾದ್ದರಿಂದ ಅವಳು ಸಾಲದ ಕಡೆಯವಳಲ್ಲ, ಮನೆ ಕಡೆಯವಳು. ಅದೇ ದೊಡ್ಡ ವ್ಯತ್ಯಾಸ. ಆದ್ರೂ ಅಷ್ಟೆಲ್ಲ ದುಡಿದವಳಿಗೆ, ಒಂಟಿಯಾಗಿ ಮನೆ ಮಾಡಿಕೊಂಡಾಗ ಮನೆಕೆಲಸವೇ ತಿಳೀತಿರಲಿಲ್ಲ ಅಂತ ತಾನೇ ಬರ್ಕೊಂಡಿದಾಳೆ. 2002ರಲ್ಲಿ ಅವಳ ಆತ್ಮಕಥೆ ಇಂಗ್ಲಿಷಲ್ಲಿ ಬಂತು, ಗೋಲ್ಡನ್‌ಗೆ ಉತ್ತರ ಅಂತಲೇ. ಓದಿದರೆ ಸ್ವಲ್ಪ ಜಂಬ ಜಾಸ್ತಿ, ದೊಡ್ಡ ದೊಡ್ಡವರ ಹೆಸರು ಜಾಸ್ತಿ. ಆದ್ರೆ ನಾಟ್ಯದ ಬಗ್ಗೆ ಬರೆಯುವಾಗ ಮಾತ್ರ ಆ ‘ನಾನು’ ಬಾಡಿಗೆಯದಲ್ಲ ಅಂತ ಗೊತ್ತಾಗುತ್ತೆ. ಸಯೂರಿ ಕುಣಿಯುವಾಗ ಛೇರ್ಮನ್‌ನ ನೆನೀತಾಳೆ. ಇವಸಾಕಿ ಕುಣಿಯುವಾಗ ಕಾಲು ಎಲ್ಲಿ ಇಡಬೇಕು ಅಂತ ನೆನೀತಾಳೆ.

— ಕೋರ್ಟಿಗೆ ಹೋಗಲಿಲ್ವಾ?

— ಹೋದಳು. 2001ರಲ್ಲಿ ಗೋಲ್ಡನ್ ಮೇಲೂ ಪ್ರಕಾಶಕರ ಮೇಲೂ ದಾವೆ. ಮಾತು ಮುರಿದರು, ಮಾನ ಕಳೆದರು ಅಂತ. ಅವನು, ನನ್ನ ಹತ್ರ ಸಂದರ್ಶನದ ಟೇಪುಗಳಿವೆ ಅಂದ.

— ನೋಡು, ಸುಳ್ಳು ಟೇಪಿನಿಂದ ಶುರುವಾದ ಪುಸ್ತಕ ನಿಜವಾದ ಟೇಪಿಗೆ ಬಂದು ನಿಂತಿತು! ಆಮೇಲೆ? ತೀರ್ಪು ಏನಾಯ್ತು?

— ತೀರ್ಪಿಗೆ ಹೋಗಲಿಲ್ಲ. 2003ರಲ್ಲಿ ಹೊರಗೇ ರಾಜಿ ಮಾಡ್ಕೊಂಡರು.

— ಎಷ್ಟಕ್ಕೆ?

— ಮೊತ್ತ ಬಹಿರಂಗ ಮಾಡಲಿಲ್ಲ.

— ಏನಮ್ಮ ಇದು! ಊದುಬತ್ತಿ ಲೆಕ್ಕ ಕೊಟ್ಟ, ಕಿಮೋನೊ ಲೆಕ್ಕ ಕೊಟ್ಟ, ಇಲ್ಲದ ಹುಡುಗಿಯ ಕನ್ಯತ್ವಕ್ಕೆ ಹನ್ನೊಂದೂವರೆ ಸಾವಿರ ಯೆನ್ ಅಂತ ಕರಾರುವಾಕ್ಕಾಗಿ ಬರೆದ. ನಿಜವಾದ ಹೆಂಗಸಿಗೆ ಕೊಟ್ಟಿದ್ದೆಷ್ಟು ಅನ್ನೋದೊಂದನ್ನ ಮಾತ್ರ ಮುಚ್ಚಿಟ್ಟರಾ? ಹೋಗ್ಲಿ, ಆ ಮಸುದಾ ಪುಸ್ತಕ ಇದ್ರೆ ಕೊಡು. ಅದರಲ್ಲಾದ್ರೂ ಖಾತೆ ತಾಳೆಯಾಗುತ್ತೋ ನೋಡ್ತೀನಿ.